ಕರಿ ಬೆಲ್ಟಿನ ಗಿರಾಕಿ

ಹುಮನಾಬಾದಿನಲ್ಲಿ ನನ್ನದು ಬಟ್ಟೆ ಅಂಗಡಿ. ಸೀರೆಯಿಂದ ಕರಾಟೆ ಡ್ರೆಸ್ಸಿನವರೆಗೆ ಎಲ್ಲ ಮಾರುತ್ತೇನೆ. ಎರಡೂ ಮುಷ್ಟಿಯಲ್ಲಿ ಹಿಡಿದು ಜಗ್ಗಿ ನೋಡದೆ ಬಟ್ಟೆಯ ಒಂದು ಥಾನನ್ನೂ ಒಳಗೆ ತೆಗೆದುಕೊಂಡವನಲ್ಲ. ಬಸವಕಲ್ಯಾಣದಲ್ಲಿ ಓದುವ ಮಗಳನ್ನು ಅಲ್ಲಿಯ ಕರಾಟೆ ಮಾಸ್ತರನಿಗೆ ಒಪ್ಪಿಸುವಾಗ ಮಾತ್ರ ಅವನ ಸೊಂಟದ ಕರಿ ಬೆಲ್ಟ್ ನೋಡಿ ಸುಮ್ಮನಾದೆ.

ಎರಡು ವರ್ಷ ಕಲಿತಳು. ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ಒಬ್ಬ ಮೊಬೈಲ್ ಕಸಿಯಲು ಅವಳ ಕೈ ಹಿಡಿದ. ಹೇಳಿಕೊಟ್ಟಂತೆಯೇ ಇವಳು ಕೈ ತಿರುವಿದಳು. ಅವನು ಬಿಡಲಿಲ್ಲ. ಮುರಿದದ್ದು ಇವಳ ಮಣಿಕಟ್ಟು.

ಪ್ಲಾಸ್ಟರ್ ಹಾಕಿಸಿ ನೇರ ಮಾಸ್ತರನ ಹತ್ತಿರ ಹೋದೆ.

"ಖರೇ ಹೇಳ್ರಿ ಮಾಸ್ತರ, ನೀವು ಯಾರ ಜೋಡಿನಾದ್ರೂ ಬಡದಾಡೀರೇನು?"

"ಇಲ್ರಿ ಸಾವಕಾರ್ರೆ, ಜರೂರತ್ತೇ ಬಿದ್ದಿಲ್ಲ. ನಮ್ಮ ಕ್ಲಾಸಿನಾಗ ಕೈ ತಿರುವಿದ ಕೂಡಲೆ ಬಿಡ್ತಾರ."

"ಕ್ಲಾಸಿನವರು ಬಿಡ್ತಾರ್ರಿ, ಫೀಸ್ ಕೊಟ್ಟಾರ. ಕಳ್ಳ ಯಾಕ ಬಿಡ್ತಾನ?"

ಅವನಿಗೆ ಸಿಟ್ಟು ಬಂತು. "ನೀವು ಸೀರಿ ಮಾರತೀರಿ. ಒಂದಿನಾರ ಉಟ್ಟೀರೇನು?"

"ಉಟ್ಟಿಲ್ಲ. ಆದ್ರ ಹರದ ಸೀರಿ ವಾಪಸ್ ತಂದ್ರ ಬ್ಯಾರೇದು ಕೊಡ್ತೀನಿ. ನೀವು ಮಣಿಕಟ್ಟು ಕೊಡ್ತೀರೇನು?"

ಮಾಸ್ತರ ಸೊಂಟದ ಬೆಲ್ಟ್ ಬಿಚ್ಚಿ ನನ್ನ ಕೈಗಿಟ್ಟ.

"ಹಂಗಿದ್ರ ಇದನ್ನೂ ವಾಪಸ್ ತೊಗೋರಿ. ಕಲಿಸಿದವರು ಕಟ್ಟಿದ್ದಲ್ಲ, ನಿಮ್ಮ ಅಂಗಡ್ಯಾಗ ತೊಗೊಂಡಿದ್ದು."

ಚಟ ಬಿಡುವುದಿಲ್ಲ, ಎರಡೂ ಮುಷ್ಟಿಯಲ್ಲಿ ಹಿಡಿದು ಜಗ್ಗಿದೆ. ಹೊಲಿಗೆ ಗಟ್ಟಿ ಇತ್ತು. ನಮ್ಮದೇ ಮಾಲು. ಆಗ ನೆನಪಾಯಿತು, ಮಾರುವಾಗ ಅವನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ಸೊಂಟದ ಅಳತೆ ಎಷ್ಟು?