ಸದ್ದಿಲ್ಲದ ಕ್ಲಾಸು

ವೆಂಕಟರಾಮ್ ಸಾರ್ ಕ್ಲಾಸಿನಲ್ಲಿ ಮಾತಾಡಿದ್ದಕ್ಕಿಂತ ಸುಮ್ಮನೆ ನಿಂತದ್ದೇ ಹೆಚ್ಚು. ಬೋರ್ಡಿನ ಮೇಲೆ ಒಂದು ತೊಲೆಯ ಚಿತ್ರ ಬರೆದು, ಅದರ ಮೇಲೆ ಭಾರದ ಬಾಣಗಳನ್ನು ಎಳೆದು, "ಎಲ್ಲಿ ಮುರಿಯುತ್ತೆ, ಹೇಳ್ರಪ್ಪಾ" ಎನ್ನುತ್ತಿದ್ದರು. ಆಮೇಲೆ ಸೀಮೆಸುಣ್ಣ ಮೆತ್ತಿದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಕಿಟಕಿಯ ಬಳಿ ನಿಂತುಬಿಡುತ್ತಿದ್ದರು. ಯಾರಾದರೂ ಬಾಯಿ ಬಿಡುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ.

ಜಿಗಣಿ ಹತ್ತಿರದ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಅಟೆಂಡರ್ ಆಗಿದ್ದೆ. ನಮ್ಮ ರಾಗಿ ಹೊಲವಿದ್ದ ಜಾಗದಲ್ಲೇ ಕಟ್ಟಡ ಎದ್ದಿದ್ದರಿಂದ ಎಸ್ಸೆಸ್ಸೆಲ್ಸಿ ಓದಿದ್ದ ನನಗೂ ಅಲ್ಲೊಂದು ಕೆಲಸ ಸಿಕ್ಕಿತ್ತು. ಸಾರ್‌ಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇಬ್ಬರ ಮನೆಯಲ್ಲೂ ಕಾಯುವವರಿರಲಿಲ್ಲ. ಮಧ್ಯಾಹ್ನ ಲ್ಯಾಬಿನ ಹಿಂದಿನ ಕಟ್ಟೆಯ ಮೇಲೆ ಒಟ್ಟಿಗೆ ಊಟದ ಡಬ್ಬಿ ಬಿಚ್ಚುತ್ತಿದ್ದೆವು.

"ಅಲ್ಲಾ ಸಾರ್, ಪಕ್ಕದ ಕ್ಲಾಸಿನ ಹೊಸ ಮೇಷ್ಟ್ರು ಗಂಟಲು ಹರ್ಕೋತಾರೆ. ನೀವು ನೋಡಿದ್ರೆ ಇಂಗೆ ಕಂಬದಂಗೆ ನಿಂತಿರ್ತೀರ!" ಎಂದೆ ಒಮ್ಮೆ.

"ನಾನೂ ಹಂಗೇ ಕಿರುಚ್ತಿದ್ದೆ ಕಣಯ್ಯಾ ಮುನಿಯಪ್ಪ. ಹುಡುಗ್ರು ಬರ್ಕೊಳ್ಳೋರು, ಪರೀಕ್ಷೆ ಮುಗಿದ ಮೇಲೆ ಮರೆಯೋರು. ಬಾಯಿ ಮುಚ್ಕೊಂಡಿರೋದು ಕಲಿಯೋಕೆ ಅರ್ಧ ಸರ್ವೀಸ್ ಬೇಕಾಯ್ತು."

ಹೊಸ ಪ್ರಿನ್ಸಿಪಾಲರು ಬಂದರು. "ವರಾಂಡದಲ್ಲಿ ಓಡಾಡ್ತಿರ್ತೀಯಲ್ಲ, ಯಾರ ಕ್ಲಾಸು ಹೆಂಗೆ ನಡೆಯುತ್ತೆ?" ಎಂದು ನನ್ನನ್ನು ಕೇಳಿದರು. ನನ್ನನ್ನೂ ಕೇಳುವವರಿದ್ದಾರಲ್ಲ ಎಂದು ಹಿಗ್ಗಿಹೋದೆ.

"ಹೊಸ ಮೇಷ್ಟ್ರದು ಗೇಟಿನ ತನಕ ಕೇಳುತ್ತೆ ಸಾರ್. ವೆಂಕಟರಾಮ್ ಸಾರ್ ಕ್ಲಾಸಲ್ಲಿ ಸದ್ದೇ ಇರಲ್ಲ. ಸುಮ್ಕೆ ಕಿಟಕಿ ನೋಡ್ತಾ ನಿಂತಿರ್ತಾರೆ."

ಕಟ್ಟೆಯ ಮೇಲೆ ಅವರು ಹೇಳಿದ್ದು ನನಗೆ ನೆನಪಿತ್ತು. ಅದನ್ನು ಹೇಳಲಿಲ್ಲ.

ಮುಂದಿನ ಸೆಮಿಸ್ಟರಿಗೆ ಸಾರ್ ಅವರ ಕ್ಲಾಸುಗಳೆಲ್ಲ ಆ ಹೊಸ ಮೇಷ್ಟ್ರ ಪಾಲಾದವು. ಸಾರ್ ಅವರನ್ನು ಪರೀಕ್ಷಾ ವಿಭಾಗದಲ್ಲಿ ಉತ್ತರಪತ್ರಿಕೆಗಳ ಕಟ್ಟು ಕಟ್ಟಲು ಕೂರಿಸಿದರು. ಅವರು ಎಂದಿನಂತೆ ಕಟ್ಟೆಗೆ ಬರುತ್ತಿದ್ದರು, ನನಗೆಂದು ಜಾಗ ಬಿಟ್ಟು ಕೂರುತ್ತಿದ್ದರು. ನಾನು ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆ. ವರ್ಷ ತುಂಬುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಕೊನೆಯ ದಿನ ಅವರ ಬ್ಯಾಗು ಹಿಡಿದು ಬಸ್ ಸ್ಟಾಪಿನವರೆಗೆ ಹೋದೆ.

"ಸಾರ್, ಪ್ರಿನ್ಸಿಪಾಲ್ರು ಒಂದಿನ ನನ್ನ ಕರ್ದು..." ಎಂದು ಶುರುಮಾಡಿ ನಿಲ್ಲಿಸಿಬಿಟ್ಟೆ.

ಅವರು ಏನೆಂದು ಕೇಳಲಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ರಸ್ತೆಯ ಕಡೆ ನೋಡುತ್ತಾ ನಿಂತರು. ಅವರು ಹತ್ತಬೇಕಿದ್ದ ಬೊಮ್ಮಸಂದ್ರದ ಬಸ್ಸು ಬಂತು. ಹತ್ತಲಿಲ್ಲ. ಫ್ಯಾಕ್ಟರಿ ಶಿಫ್ಟ್ ಬಿಟ್ಟ ಹುಡುಗರು ಹತ್ತಿಕೊಂಡರು, ಬಸ್ಸು ಹೋಯಿತು. ಇನ್ನೊಂದೂ ಬಂದು ಹೋಯಿತು. ಅವರು ನಿಂತೇ ಇದ್ದರು.

ಮೂರನೆಯ ಬಸ್ಸಿಗೆ ನಾನೇ ಕೈ ಅಡ್ಡ ಹಾಕಿದೆ.