ಅರ್ಜಿಯಲ್ಲಿ ನಾನು ಸೇರಿಸಿದ ಎರಡು ಪದ

ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಬೆಂಗಳೂರಿನ ಒಂದು ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ, ಸಾಮಾಜಿಕ ನ್ಯಾಯದ ಸೇವೆ ಎಂಬ ವಿಷಯ ಕಲಿಸುತ್ತಿದ್ದೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಫೀಲ್ಡ್‌ವರ್ಕ್‌ಗೆ ಕರೆದೊಯ್ಯುವುದೂ ನನ್ನದೇ ಕೆಲಸ. ಆ ವರ್ಷ ನ್ಯಾಮತಿ ತಾಲ್ಲೂಕಿಗೆ ಹೋದೆವು. ಸವಳಂಗದಲ್ಲಿ ಬಸ್ಸಿಳಿದು ಮೂರು ಕಿಲೋಮೀಟರ್ ನಡೆದರೆ ಒಂದು ದಲಿತ ಕೇರಿ.

ಕೇರಿಯ ಸ್ಮಶಾನದ ದಾರಿಗೆ ಪಕ್ಕದ ಜಮೀನಿನವರು ಬೇಲಿ ಹಾಕಿದ್ದರು. ಕೂಲಿ ಮಾಡುವ ರತ್ನಮ್ಮನವರ ಗಂಡನ ಹೆಣವನ್ನು ಎದೆಮಟ್ಟದ ಹಳ್ಳದ ನೀರಿನಲ್ಲಿ ಹೊತ್ತು ದಾಟಿಸಿದ್ದರು. ಕೇಳಿ ನನ್ನ ರಕ್ತ ಕುದಿಯಿತು. ಕೂತಲ್ಲೇ ತಹಸೀಲ್ದಾರರಿಗೆ ಅರ್ಜಿ ಬರೆದೆ.

ನಮ್ಮ ಸೆಮಿನರಿಯ ವರದಿಗಳಲ್ಲಿ ಪ್ರತಿ ಹೆಸರಿನ ಮುಂದೆ ಧರ್ಮ ಯಾವುದೆಂದು ಬರೆಯಲು 'ವಿಶ್ವಾಸ' ಎಂಬ ಕಾಲಂ ಇರುತ್ತದೆ. ಅದೇ ರೂಢಿಯಲ್ಲಿ ರತ್ನಮ್ಮ ಮತ್ತು ಮಗಳು ಕಾವ್ಯಳ ಹೆಸರಿನ ಮುಂದೆ 'ಕ್ರೈಸ್ತ ಕುಟುಂಬ' ಎಂದು ಬರೆದುಬಿಟ್ಟೆ. ಅವರು ಹತ್ತಿರದ ಚರ್ಚಿನ ಭಾನುವಾರದ ಪ್ರಾರ್ಥನೆಗೆ ಹೋಗುತ್ತಿದ್ದರು, ನಿಜ. ಆದರೆ ಕ್ರೈಸ್ತರಾಗುವ ದೀಕ್ಷಾಸ್ನಾನ ಆಗಿರಲಿಲ್ಲ, ಮನೆಯಲ್ಲಿ ಮಾರಮ್ಮನಿಗೆ ದೀಪ ಹಚ್ಚುವುದನ್ನೂ ಬಿಟ್ಟಿರಲಿಲ್ಲ. ರತ್ನಮ್ಮನವರಿಗೆ ಓದಿ ಹೇಳದೆಯೇ ಅವರಿಂದ ಸಹಿ ಹಾಕಿಸಿ, ಕೆಳಗೆ ನಾನೂ ಸಹಿ ಹಾಕಿದೆ. ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸವಲತ್ತು ಸಿಗುವುದಿಲ್ಲ ಎಂದು ಪ್ರತಿ ವರ್ಷ ಪಾಠ ಹೇಳುತ್ತಿದ್ದ ಮಹಾನುಭಾವ ನಾನೇ.

ತಹಸೀಲ್ದಾರರು ಬೇಲಿ ತೆಗೆಸಿದರು. ನಾವು ಫೋಟೊ ಹೊಡೆಸಿಕೊಂಡು, ಬೀಗುತ್ತಾ ಬೆಂಗಳೂರಿಗೆ ಮರಳಿದೆವು.

ಎರಡು ತಿಂಗಳಾದ ಮೇಲೆ ರತ್ನಮ್ಮ ಫೋನ್ ಮಾಡಿದರು. ಕಾವ್ಯ ಪಿಯುಸಿ ಪಾಸಾಗಿ ನರ್ಸಿಂಗ್ ಸೀಟಿಗೆ ಕಾಯುತ್ತಿದ್ದಳು. "ಜಾತಿ ಸರ್ಟಿಫಿಕೇಟ್ ಕೊಡಲ್ಲ ಅಂತಾರ್ರೀ ಅಯ್ನೋರೆ. ನೀವು ಕ್ರಿಶ್ಚಿಯನ್ನರು, ಫೈಲಿನಾಗೆ ಐತೆ ಅಂತಾರೆ. ನಾವು ಯಾವಾಗ ಹಂಗಂದ್ವಿ?"

ಮರುದಿನವೇ ತಾಲ್ಲೂಕು ಕಚೇರಿಗೆ ಹೋಗಿ, ಇವರು ಕ್ರೈಸ್ತರಲ್ಲ, ತಪ್ಪು ನನ್ನದು ಎಂದು ಬರೆದುಕೊಟ್ಟೆ. ಅಧಿಕಾರಿ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟರು.

"ಅದೂ ನಿಮ್ಮ ಸಹಿ, ಇದೂ ನಿಮ್ಮ ಸಹಿ. ಯಾವ್ದನ್ನ ನಂಬೋಣ ಹೇಳ್ರಿ?"

ಅವರನ್ನು ಬೈಯುವಂತಿರಲಿಲ್ಲ. ವಿಚಾರಣೆ ನಡೆಯಿತು, ಕೇರಿಯವರ ಹೇಳಿಕೆ ತೆಗೆದುಕೊಂಡರು, ಸರ್ಟಿಫಿಕೇಟೂ ಬಂತು. ಆದರೆ ಅಷ್ಟರಲ್ಲಿ ಸೀಟು ಹಂಚಿಕೆ ಮುಗಿದು ಹನ್ನೊಂದು ದಿನವಾಗಿತ್ತು.

ಮುಂದಿನ ವರ್ಷ ಪ್ರಯತ್ನಿಸೋಣ ಎಂದು ಹೇಳಲು ಅವರ ಮನೆಗೆ ಹೋದೆ. "ಇನ್ನೊಂದ್ ವರ್ಷ ಹೆಂಗ್ ಇಟ್ಕಂಬಾಕಾಗುತ್ತೆ ಅಯ್ನೋರೆ? ಸೀಟು ಸಿಕ್ರೆ ಓದ್ಲಿ ಅಂತ ತಡೆದಿದ್ವಿ. ಈಗ ಗಂಡಿನ ಕಡೆಯೋರಿಗೆ ಮಾತು ಕೊಟ್ಟಾಯ್ತು," ಎಂದರು ರತ್ನಮ್ಮ. ಕಾವ್ಯ ನೀರು ತಂದುಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಮ್ಮನ್ನ ಒಂದ್ ಮಾತು ಕೇಳಾಕೆ ಏನಾಗಿತ್ತು ಸರ್?" ಎಂದಳು, ಅಷ್ಟೇ.

ಆಮೇಲೆ ನಿವೃತ್ತನಾಗುವವರೆಗೂ ಪ್ರತಿ ತಂಡಕ್ಕೆ ಹೇಳಿದೆ: ಯಾರ ಪರವಾಗಿ ಬರೆಯುತ್ತೀರೋ ಅವರಿಗೆ ಮೊದಲು ಪೂರ್ತಿ ಓದಿ ಹೇಳಿ, ಅವರು ಬೇಡ ಎಂದ ಸಾಲನ್ನು ಹೊಡೆದುಹಾಕಿ. ವಿದ್ಯಾರ್ಥಿಗಳು ನೋಟ್ಸ್ ಬರೆದುಕೊಂಡರು. ಕಾವ್ಯಳ ಮದುವೆಗೆ ರತ್ನಮ್ಮ ನನ್ನನ್ನೂ ಕರೆದಿದ್ದರು. ಹೋಗುವ ಮುಖ ನನಗಿರಲಿಲ್ಲ.