ತೂಕದ ದಿನದ ಪಾದೋದಕ

ಗುಂಡಾ, ಪುಟ್ಟೀ, ಮೊನ್ನೆ ನೀವಿಬ್ಬರೂ ಕೈಗೆ ಟವಲು ಸುತ್ತಿಕೊಂಡು ಕನ್ನಡಿಯ ಮುಂದೆ ಗುದ್ದಾಡುತ್ತಿದ್ದಿರಿ. ಅಪ್ಪ ಬಾಕ್ಸಿಂಗ್ ಆಡಿದ್ದನಂತಲ್ಲ, ಅದು ಹೆಂಗಿರುತ್ತೆ ಹೇಳು ಅಜ್ಜೀ ಎಂದು ನನ್ನ ಸೆರಗು ಹಿಡಿದು ಎಳೆದಿರಿ. ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿಲ್ಲದವಳು ನಾನು. ಹೊಳಗುಂದದ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರಗಳಿವೆ, ಅದರಲ್ಲೇ ಬರೆಯುತ್ತೇನೆ. ಆ ಆಟವನ್ನು ಕಂಡರೆ ನನಗೆ ಆಗುವುದಿಲ್ಲ. ನಡುವೆ ಎಲ್ಲಾದರೂ ಒಳ್ಳೆಯ ಮಾತು ಬರುತ್ತದೆಂದು ಕಾಯಬೇಡಿ.

ಅದರಲ್ಲಿ ಎರಡು ಬಗೆ. ಒಂದು, ಶಾಲೆ ಕಾಲೇಜಿನ ಹುಡುಗರು ಪದಕಕ್ಕೆ ಆಡುವುದು. ಇನ್ನೊಂದು, ಅದನ್ನೇ ಕಸುಬು ಮಾಡಿಕೊಂಡವರು ಆಡುವುದು. ಇದನ್ನು ಪ್ರೊಫೆಷನಲ್ ಅನ್ನುತ್ತಾರೆ, ನಿಮ್ಮ ಅಪ್ಪ ಇಳಿದದ್ದು ಇದಕ್ಕೇ. ಮೈಗೆ ಅಂಗಿ ಇಲ್ಲ, ತಲೆಗೆ ಕಾಪು ಇಲ್ಲ. ಹಗ್ಗ ಕಟ್ಟಿದ ಚೌಕದೊಳಗೆ ಇಬ್ಬರನ್ನು ಬಿಡುತ್ತಾರೆ. ಮೂರು ನಿಮಿಷ ಹೊಡೆದಾಡಿದರೆ ಒಂದು ರೌಂಡು, ಆಮೇಲೆ ಒಂದು ನಿಮಿಷ ಸ್ಟೂಲಿನ ಮೇಲೆ ಕೂರಬಹುದು. ಹೊಸಬರಿಗೆ ನಾಲ್ಕು ರೌಂಡು, ದೊಡ್ಡವರಿಗೆ ಹತ್ತು ಹನ್ನೆರಡು. ಮೂರು ಜನ ಸುತ್ತ ಕೂತು ಅಂಕ ಹಾಕುತ್ತಾರೆ: ಮೇಲುಗೈಯಾದವನಿಗೆ ಹತ್ತು, ಇನ್ನೊಬ್ಬನಿಗೆ ಒಂಬತ್ತು, ಅವನು ಬಿದ್ದಿದ್ದರೆ ಎಂಟು. ಸೊಂಟದ ಕೆಳಗೆ ಹೊಡೆಯಬಾರದು, ತಲೆಯ ಹಿಂದೆ ಹೊಡೆಯಬಾರದು. ಕಣ್ಣಿಗೆ, ಕಪಾಳಕ್ಕೆ, ಗದ್ದಕ್ಕೆ ಎಷ್ಟಾದರೂ ಹೊಡೆಯಬಹುದು. ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋತ. ಟಗರಿನ ಕಾಳಗ ಮಾಡಿಸುವವರು ಕೂಡ ಟಗರು ಹಿಂದೆ ಸರಿದರೆ ಬಿಟ್ಟುಬಿಡುತ್ತಾರೆ. ಮೆತ್ತನೆಯ ಗ್ಲೌಸು ನೋಡಿ ಮೋಸ ಹೋಗಬೇಡಿ. ಅದು ಹೊಡೆಯುವವನ ಬೆರಳು ಮುರಿಯದಿರಲಿ ಎಂದು ಹಾಕುವುದು, ಹೊಡೆಸಿಕೊಳ್ಳುವವನ ಮೇಲಿನ ಕರುಣೆಯಿಂದಲ್ಲ.

ನಿಮ್ಮ ಅಪ್ಪ ಆಗ ಆದೋನಿಯ ಹತ್ತಿ ಮಿಲ್ಲಿನಲ್ಲಿ ಬೇಲು ಎನ್ನುವ ಹತ್ತಿ ಮೂಟೆ ಹೊರುತ್ತಿದ್ದ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು, ನೀವಿನ್ನೂ ಹುಟ್ಟಿರಲಿಲ್ಲ. ಮಿಲಿಟರಿಯಿಂದ ಬಂದ ಒಬ್ಬ ಮನುಷ್ಯ ಖಾಲಿ ಗೋದಾಮಿನಲ್ಲಿ ಹುಡುಗರಿಗೆ ಗುದ್ದುವುದನ್ನು ಕಲಿಸುತ್ತಿದ್ದ. ತೆಲುಗು ಬೆರೆಸಿ ಮಾತಾಡುವ ಅವನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಊರ ಹೊರಗಿನ ಒಂದು ಕಲ್ಯಾಣ ಮಂಟಪದಲ್ಲಿ ನಿಮ್ಮ ಅಪ್ಪನ ಮೊದಲ ಪಂದ್ಯ ಗೊತ್ತು ಮಾಡಿದವನು ಅವನೇ.

ಈ ಆಟದಲ್ಲಿ ಸಮ ತೂಕದವರನ್ನೇ ಎದುರುಬದುರು ನಿಲ್ಲಿಸುತ್ತಾರೆ. ಪಂದ್ಯದ ಹಿಂದಿನ ದಿನ ತೂಗುತ್ತಾರೆ. ಅದಕ್ಕೇ ತೂಕದವರೆಗೆ ಮೈಯ ನೀರು ಇಳಿಸುವುದು, ತೂಕ ಮುಗಿದ ಮೇಲೆ ಕುಡಿದು ತಿಂದು ಗಟ್ಟಿಯಾಗುವುದು. ನಮ್ಮ ಮಾರ್ಕೆಟ್ಟಿನಲ್ಲಿ ತೂಕ ಹೆಚ್ಚಲೆಂದು ಹತ್ತಿಗೆ ನೀರು ಚಿಮುಕಿಸುವ ಕಳ್ಳರಿದ್ದಾರೆ. ಇವರು ತೂಕ ಇಳಿಯಲೆಂದು ಮನುಷ್ಯನನ್ನೇ ಹಿಂಡುವ ಕಳ್ಳರು. ಐದು ದಿನ ನಿಮ್ಮ ಅಪ್ಪ ಅರ್ಧ ರೊಟ್ಟಿಯಲ್ಲಿ ಕಳೆದ. ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬಿಸಿಲಲ್ಲಿ ಓಡುತ್ತಿದ್ದ, ಎಂಜಲಿನ ನೀರೂ ಹೋಗಲೆಂದು ಲೋಟದೊಳಗೆ ಉಗುಳುತ್ತಿದ್ದ.

ಮಾಸ್ಟರ್ ಮನೆಗೆ ಬಂದಾಗ ಬಾಗಿಲ ಮರೆಯಿಂದಲೇ ಕೇಳಿದೆ. "ನನ್ನ ಮಗನ್ನ ಉಪವಾಸ ಕೆಡವಿ ಸಾಯಿಸ್ತೀರೇನ್ರಿ?"

"ಏಮಮ್ಮಾ, ನಿಮ್ಮ ಮನ್ಯಾಗ ಶಿವರಾತ್ರಿ ಮಾಡಂಗಿಲ್ಲೇನು?"

"ಶಿವರಾತ್ರಿ ಒಂದು ದಿನ ಐತ್ರಿ."

"ಮೀ ವಾಡು, ನಿಮ್ಮ ಹುಡುಗ, ಶಿವನಿಗಿಂತ ಗಟ್ಟಿ ಅದಾನ ಬಿಡ್ರಿ," ಎಂದು ನಕ್ಕ. ನಿಮ್ಮ ಅಪ್ಪನೂ ಅವನ ಜೊತೆ ನಕ್ಕ. ಅವತ್ತೇ ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ತೂಕ ಹೆಚ್ಚಾದರೆ ಪಂದ್ಯಕ್ಕೆ ಬಿಡುವುದಿಲ್ಲ, ಅಲ್ಲಿಗೆ ಮುಗಿಯಿತು.

ತೂಕದ ದಿನ ಬೆಳಿಗ್ಗೆ ಅಂಗಡಿಯ ತೂಕದ ಕಾಟಾದ ಮೇಲೆ ನಿಂತು ಬಂದ. ಸರಿಯಾಗಿ ಇತ್ತು, ಒಂದು ಗುಟುಕಿಗೂ ಜಾಗವಿರಲಿಲ್ಲ. ಸ್ನಾನ ಮಾಡಿ ಲಿಂಗಪೂಜೆಗೆ ಕೂತ. ನಮ್ಮ ಮನೆಯಲ್ಲಿ ಪಾದೋದಕ ಅಂದರೆ ಅಂಗೈಯಲ್ಲಿ ಮೂರು ಸಲ ತಗೊಳ್ಳುವ ನಾಲ್ಕು ಹನಿ ತೀರ್ಥ. ಆದರೆ ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ, ಉಳಿಸುವಂತಿಲ್ಲ, ನೆಲಕ್ಕೆ ಚೆಲ್ಲುವಂತಿಲ್ಲ. ನಾನು ತುಂಬಿದ ಚೊಂಬು ತಂದು ಮುಂದಿಟ್ಟೆ.

"ಮಠದ ಅಯ್ಯನವರು ಕೊಟ್ಟು ಕಳಿಸ್ಯಾರ. ಪೂರ್ತಿ ತಗೋ."

"ಯವ್ವಾ, ಒಂದು ಹನಿ ಸಾಕು. ಇವತ್ತ ತೂಕ ಐತಿ."

"ಉಳಿದದ್ದು ಮೋರಿಗೆ ಚೆಲ್ಲಲೇನು? ನಿಮ್ಮಪ್ಪ ಇದ್ದಿದ್ರ ಈ ಮಾತು ಆಡ್ತಿದ್ದೇನು?"

ಅವನು ಚೊಂಬನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಕಣ್ಣು ಮುಚ್ಚಿ ಕುಡಿದ. ಕೊನೆಯ ಹನಿಗೆ ನಾಲಿಗೆ ಚಾಚಿದ. ಅದು ಮಠದ್ದಲ್ಲ. ನಮ್ಮ ಅಡುಗೆಮನೆಯ ಹಂಡೆಯ ನೀರು.

ಮಂಟಪದ ಕಾಟಾದಲ್ಲಿ ಮುಕ್ಕಾಲು ಕಿಲೋ ಹೆಚ್ಚು ಬಂತು. ಹೆಚ್ಚು ಬಂದವನಿಗೆ ಎರಡು ಗಂಟೆ ಸಮಯ ಕೊಡುತ್ತಾರೆ ಎನ್ನುವ ನಿಯಮ ನನಗೆ ಗೊತ್ತಿರಲಿಲ್ಲ. ಮಾಸ್ಟರ್ ಅವನಿಗೆ ರೇನ್‌ಕೋಟು ತೊಡಿಸಿ ತಾರಸಿಯ ಮೇಲೆ ಓಡಿಸಿದ, ಕಿಟಕಿ ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಕೂರಿಸಿದ. ತೂಕ ಇಳಿಯಿತು. ಮನೆಗೆ ಬಂದವನ ತುಟಿ ಬೆಳ್ಳಗಾಗಿತ್ತು. ಕುಡಿಸಿದ ಗಂಜಿ, ಎಳನೀರು ಎಲ್ಲ ವಾಂತಿಯಾಯಿತು. ಬೆಳಗಾದ ಮೇಲೂ ಒಂದು ಲೋಟ ನೀರು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ಹೋಗಬ್ಯಾಡಪ್ಪಾ," ಎಂದೆ.

"ತೂಕ ಕೊಟ್ಟು ಬಂದೀನಿ ಯವ್ವಾ. ಹೋಗಲಿಲ್ಲಂದ್ರ ಹೆದರಿದ ಅಂತಾರ."

ಸಂಜೆ ನಾನೂ ಹೋದೆ. ಗಂಡಸರ ನಡುವೆ ಕೂರಲಾರದೆ ಊಟ ಬಡಿಸುವ ಕಡೆಯ ಕಿಟಕಿಯಲ್ಲಿ ನಿಂತು ನೋಡಿದೆ. ಎರಡು ರೌಂಡು ಇವನೇ ಮೇಲಿದ್ದ ಎಂದು ಜನ ಕೂಗಿದರು. ಮೂರನೆಯದರಲ್ಲಿ ಕೈ ಕೆಳಗೆ ಬಿತ್ತು, ಕಾಲು ತಡವರಿಸಿತು. ತನ್ನ ಹುಡುಗ ತಡೆಯಲಾರ ಅನ್ನಿಸಿದರೆ ಟವಲು ಎಸೆದು ಆಟ ನಿಲ್ಲಿಸುವ ಹಕ್ಕು ಮಾಸ್ಟರಿಗೆ ಇರುತ್ತದೆ. ಅವನ ಹೆಗಲ ಮೇಲೆ ಟವಲು ಹಾಗೇ ಇತ್ತು. ಅದರಿಂದ ತನ್ನ ಮುಖ ಒರೆಸಿಕೊಂಡ. ಕಪಾಳಕ್ಕೆ ಬಿದ್ದ ಒಂದು ಏಟಿಗೆ ನಿಮ್ಮ ಅಪ್ಪ ಕೆಳಗೆ ಬಿದ್ದ. ಎಣಿಕೆ ಹತ್ತು ಮುಟ್ಟಿತು. ಗೆದ್ದವನ ಕಡೆಯವರು ಡೋಲು ಬಡಿದರು.

ಅವನನ್ನು ಹೊತ್ತು ಒಯ್ದ ಬಳ್ಳಾರಿ ಆಸ್ಪತ್ರೆಯ ಡಾಕ್ಟರು ಹೇಳಿದರು, ಮೈಯಲ್ಲಿ ನೀರೇ ಇರಲಿಲ್ಲ, ಒಣಗಿದ ತಲೆಗೆ ಏಟು ಹೆಚ್ಚು ತಾಗುತ್ತದೆ ಎಂದು. ಮಾಸ್ಟರ್ ನನ್ನ ಮುಂದೆಯೇ ಹೇಳಿದ, "ಬೆಳಿಗ್ಗಿ ಸರಿ ಇದ್ದ ತೂಕ ಹೆಂಗ ಹೆಚ್ಚಾತೋ, ಅರ್ಥಂ ಕಾಲೇದು, ತಿಳೀವಲ್ದು." ನಾನು ಸೆರಗು ಸರಿ ಮಾಡಿಕೊಂಡು ನೆಲ ನೋಡಿದೆ.

ನಿಮ್ಮ ಅಪ್ಪ ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಮಲಗುವುದು ಸೋಮಾರಿತನದಿಂದಲ್ಲ. ಅವನ ಮಾತು ತಡೆದು ತಡೆದು ಬರುವುದನ್ನು ನೀವು ಅಣಕಿಸುತ್ತೀರಿ, ಅದನ್ನು ಇವತ್ತೇ ಬಿಡಿ. "ನನ್ನ ಮೈಯೇ ನನಗ ಮೋಸ ಮಾಡ್ತು," ಎನ್ನುತ್ತಾನೆ ಅವನು. ಇಷ್ಟು ವರ್ಷ ಹಾಗೇ ನಂಬಿದ್ದಾನೆ. ಮಾಸ್ಟರಿನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಆ ಮುಕ್ಕಾಲು ಕಿಲೋ ಅವನದಲ್ಲ, ನಿಮ್ಮ ಅಪ್ಪನದೂ ಅಲ್ಲ.

ಅಕ್ಷರ ನೋಡಿದರೆ ಸಾಲುಗಳು ಕುಣಿಯುತ್ತವೆ ಎಂದು ಅವನು ಓದುವುದನ್ನು ಬಿಟ್ಟಿದ್ದಾನೆ. ಅದಕ್ಕೇ ನನಗೆ ಇಷ್ಟು ಬರೆಯುವ ಧೈರ್ಯ ಬಂತು. ಈ ಹಾಳೆಗಳನ್ನು ಇಲಿ ಮುಟ್ಟದ ಕಡೆ, ನೀರು ತಾಗದ ಕಡೆ ಇಡಿ, ಹರಿಯಬೇಡಿ. ಒಂದು ದಿನ ನೀವಿಬ್ಬರೂ ಅವನ ಪಕ್ಕ ಕೂತು, ನಿಧಾನವಾಗಿ, ಒಂದಕ್ಷರ ಬಿಡದೆ ಓದಿ ಹೇಳಬೇಕು. ನನ್ನ ಬಾಯಿಂದ ಅದು ಬರುವುದಿಲ್ಲ.